ಉಳಿವೆಪ್ಪನ ಸೋಮವಾರದ ಬಿಡುವು

ಉಳಿವೆಪ್ಪಕಾಕಾನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಬರೆಯುವುದನ್ನು ಓದಿ ನೀವು ಅವರಿಗೆ ಹೂವಿನ ಹಾರ ಹಾಕಿ ಕೂರಿಸಿಬಿಡುತ್ತೀರಿ. ಅವರು ಅಂಥ ಮಹಾತ್ಮರೇನಲ್ಲ. ಹಟಮಾರಿ, ಮಾತಿನಲ್ಲಿ ಜಿಪುಣ, ಚಹಾ ಕುಡಿಸುವುದರಲ್ಲಿ ಮಾತ್ರ ಧಾರಾಳಿ. ಶಿಗ್ಗಾಂವಿಯ ಹೊರಗೆ ಹೆದ್ದಾರಿಯ ಪಕ್ಕದಲ್ಲಿರುವ ನಮ್ಮ ಬೀಜದ ಕಂಪನಿಯಲ್ಲಿ ಹದಿನೈದು ವರ್ಷ ಸರ್ವರ್ ನೋಡಿಕೊಂಡವರು. ನಾನು ತನುಜಾ, ಅದೇ ಕಂಪನಿಯ ಮೊಳಕೆ ಪರೀಕ್ಷೆಯ ಉಸ್ತುವಾರಿ. ಹನ್ನೆರಡು ವರ್ಷ ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ ಇತ್ತು.

ನಮ್ಮಲ್ಲಿಗೆ ಬೀಜ ಬರುವುದು ಹಂಸಭಾವಿ, ಹಾನಗಲ್ಲು, ಸವಣೂರು ಕಡೆಯ ಹೊಲಗಳಿಂದ. ಗೋವಿನಜೋಳ, ಬೆಂಡಿ, ಹತ್ತಿ. ಬಂದ ಪ್ರತಿ ರಾಶಿಗೆ ಒಂದು ನಂಬರು ಕೊಡುತ್ತೇವೆ, ಅದಕ್ಕೆ ಲಾಟ್ ಅನ್ನುತ್ತೇವೆ. ಯಾರ ಹೊಲದ್ದು, ಯಾವತ್ತು ಬಂತು, ತೇವ ಎಷ್ಟಿತ್ತು, ನೂರು ಕಾಳು ಹಾಕಿದರೆ ಎಷ್ಟು ಮೊಳೆತವು, ಎಲ್ಲವೂ ಕಂಪ್ಯೂಟರಿನ ಒಂದು ರಿಜಿಸ್ಟರಿನಲ್ಲಿ ಇರುತ್ತದೆ. ಆ ರಿಜಿಸ್ಟರ್ ಕೂತಿರುವ ದೊಡ್ಡ ಮಷಿನ್ನೇ ಸರ್ವರ್. ಲ್ಯಾಬು, ಗೋದಾಮು, ಹಾನಗಲ್ಲಿನ ಖರೀದಿ ಕೇಂದ್ರ, ಎಲ್ಲರೂ ಕೇಳುವುದು ಅದನ್ನೇ. ಅದು ಹೌದೆಂದರೆ ಬೀಜ ಲಾರಿ ಹತ್ತುತ್ತದೆ, ಬೇಡವೆಂದರೆ ಗೋದಾಮಿನಲ್ಲೇ ಉಳಿಯುತ್ತದೆ.

ಕಾಕಾ ಕಂಪ್ಯೂಟರ್ ಕಲಿತವರಲ್ಲ. ಹಿರೇಬೆಂಡಿಗೇರಿಯ ಒಕ್ಕಲುತನದ ಮನೆ. ಐಟಿಐ ಮಾಡಿ ಮೋಟರು ವೈಂಡಿಂಗ್ ಮಾಡುತ್ತಿದ್ದರು. ನಮ್ಮ ಜನರೇಟರು ರಿಪೇರಿಗೆಂದು ಬಂದವರು ಇಲ್ಲೇ ಉಳಿದರು. ಸರ್ವರ್ ಕೋಣೆಯ ಬೀಗದ ಕೈಯನ್ನು ನಮ್ಮ ಮಾಲೀಕರಾದ ಮಹಾಲಿಂಗಪ್ಪನವರು ಅವರ ಕೈಗೆ ಕೊಟ್ಟಿದ್ದು ಅವರಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿಲ್ಲ ಎನ್ನುವ ಕಾರಣಕ್ಕೆ. ಉಳಿದದ್ದನ್ನು ಕಾಕಾ ನೋಡಿ ಕಲಿತರು, ಕೇಳಿ ಕಲಿತರು, ಬೈಸಿಕೊಂಡು ಕಲಿತರು. ವೈರಸ್ಸಿಗಿಂತ ಧೂಳಿಗೆ ಹೆಚ್ಚು ಹೆದರುತ್ತಿದ್ದರು. ಬೀಜ ಸ್ವಚ್ಛ ಮಾಡುವ ಕಡೆ ಧೂಳಿಗೆ ಬರವಿಲ್ಲ, ಆದ್ದರಿಂದ ಆ ಹೆದರಿಕೆಯೂ ಸುಳ್ಳಲ್ಲ.

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತಿಗೆಯ ಹದ ಎಷ್ಟೇ ಚೆನ್ನಾಗಿರಲಿ, ಅವತ್ತು ಎತ್ತಿಗೆ ಮೈ ತೊಳೆದು ಮೇವು ಹಾಕಿ ಬಿಡುವುದೇ. ಕಾಕಾ ಇದನ್ನು ಸರ್ವರಿಗೂ ಜಾರಿ ಮಾಡಿದರು. ಬೀಗದ ಕೈ ಸಿಕ್ಕ ಮೊದಲ ಬೇಸಿಗೆಯಲ್ಲಿ ಮಷಿನ್ನಿನ ಮೇಲೆ ಕೈ ಇಟ್ಟು ನೋಡಿದರಂತೆ, ಕಾದ ಹಂಚಿನಂತಿತ್ತಂತೆ. ಹಗಲು ರಾತ್ರಿ ದುಡಿಯುವ ಜೀವಕ್ಕೆ ವಾರಕ್ಕೊಮ್ಮೆಯಾದರೂ ಬಿಡುವು ಬೇಡವೇ ಎಂದು ಅವರಿಗೆ ಅನ್ನಿಸಿತು. ಪೂರ್ತಿ ದಿನ ಯಾರೂ ಕೊಡಲಾರರು, ಹಾಗಾಗಿ ಒಂದು ತಾಸು ಕೇಳಿದರು. ಧೂಳು ಹೊಡೆಯುವುದಿದೆ ಎಂದು ಹೇಳಿದರೇ ಹೊರತು ಎತ್ತಿನ ಮಾತು ತೆಗೆಯಲಿಲ್ಲ, ನಗುತ್ತಾರೆಂಬ ನಾಚಿಕೆ. ಪ್ರತಿ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಮನೆಮನೆಗೆ ಮದುವೆಯ ಕರೆ ಹೇಳುವವರಂತೆ ಪ್ರತಿ ಕೋಣೆಗೂ ಬಂದು, "ಎಲ್ಲಾರೂ ತಗದಿದ್ದನ್ನ ಮುಚ್ಚರಿ, ಆರಸಾಕತ್ತೇನಿ" ಎಂದು ಹೇಳಿ ಹೋಗುತ್ತಿದ್ದರು. ಎರಡು ಗಂಟೆಗೆ ಮತ್ತೆ ಹಚ್ಚುತ್ತಿದ್ದರು. ನಮಗೆ ಅದು ಊಟವಾದ ಮೇಲೆ ಹರಟೆಯ ತಾಸು. ಅದರ ಹಿಂದೆ ಎತ್ತಿದೆ ಎಂದು ಒಬ್ಬರಿಗೂ ತಿಳಿದಿರಲಿಲ್ಲ. ನನಗೂ ಗೊತ್ತಾದದ್ದು ತಡವಾಗಿ.

ಮೊದಲು ಆ ಕೋಣೆಯಲ್ಲಿ ಐದು ಮಷಿನ್ನುಗಳಿದ್ದವು. ರಿಜಿಸ್ಟರಿಗೊಂದು, ಗೋದಾಮಿಗೊಂದು, ಲಾರಿ ತೂಕಕ್ಕೊಂದು, ಹಾಜರಿಗೊಂದು, ಮೇಲ್ ಬರುವುದಕ್ಕೊಂದು. ಐದರ ಬಿಸಿಗೆ ಎರಡು ಎಸಿ ಸಾಲುತ್ತಿರಲಿಲ್ಲ. ೨೦೧೫ರಲ್ಲಿ ಮುಬಶೀರ ಎಂಬ ಇಂಜಿನಿಯರು ಬಂದರು. ಸವಣೂರಿನವರು, ಹುಬ್ಬಳ್ಳಿಯಲ್ಲಿ ಅಂಗಡಿ ತೆರೆದು ಕಂಪನಿಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದರು. ಅವರು ಒಂದೇ ಒಂದು ಹೊಸ ಮಷಿನ್ ತಂದು ಐದನ್ನೂ ಅದರೊಳಗೆ ಇಳಿಸಿದರು. ಹೊರಗೆ ನೋಡಿದರೆ ಒಂದೇ ಪೆಟ್ಟಿಗೆ, ಒಳಗೆ ಐದು ಮಷಿನ್ನುಗಳು ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು. ಒಂದಕ್ಕೊಂದು ಪರಿಚಯವೇ ಇಲ್ಲದಂತೆ.

ಗೋದಾಮು ನೋಡುವ ಮೈಲಾರಿಗೆ ಇದು ನಂಬುವ ಮಾತಾಗಿ ಕಾಣಲಿಲ್ಲ. "ಒಂದ ಡಬ್ಬ್ಯಾಗ ಐದು ಹ್ಯಾಂಗ ಕುಂದ್ರತಾವೋ ಯಪ್ಪಾ?" ಎಂದು ಕೇಳಿದ.

ಕಾಕಾ ಚಹಾದ ಲೋಟ ಕೆಳಗಿಟ್ಟರು. "ನೀವು ಅಣ್ಣತಮ್ಮರು ಬ್ಯಾರೆ ಆಗೀರಿಲ್ಲೋ? ಮನಿ ಒಂದ, ಒಲಿ ಐದು. ಒಂದ ಒಲಿಮ್ಯಾಗ ರೊಟ್ಟಿ, ಇನ್ನೊಂದ್ರಮ್ಯಾಗ ಅನ್ನ. ಒಬ್ಬಾಂವಂದು ಆರಿದ್ರ ಉಳದವ್ರದು ಉರೀತೈತಿ. ಇದೂ ಹಂಗ. ಆದ್ರ ಮನೀನ ಬಿತ್ತಂದ್ರ ಐದೂ ಮಂದಿ ತಲಿಮ್ಯಾಗ ಬೀಳತೈತಿ ನೋಡು."

ಮುಬಶೀರ ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಆಮೇಲೆ ಹುಬ್ಬಳ್ಳಿಯ ದೊಡ್ಡ ದೊಡ್ಡ ಗಿರಾಕಿಗಳಿಗೆ ಇದೇ ಒಲೆಯ ಉದಾಹರಣೆ ಕೊಟ್ಟು ಕೆಲಸ ಹಿಡಿದೆ ಎಂದು ಅವರೇ ನನ್ನ ಮುಂದೆ ಒಪ್ಪಿಕೊಂಡಿದ್ದಾರೆ. ಆ ವರ್ಷದ ಮಹಾನವಮಿಗೆ ಕಾಕಾ ಒಂದೇ ಪೆಟ್ಟಿಗೆಯ ಐದು ಕಡೆ ವಿಭೂತಿ ಹಚ್ಚಿದರು. ಸೋಮವಾರದ ಬಿಡುವೂ ಮುಂದುವರಿಯಿತು, ಈಗ ಐದಕ್ಕೂ ಒಟ್ಟಿಗೆ.

ಹತ್ತು ವರ್ಷ ಹೀಗೇ ನಡೆಯಿತು. ಹೋದ ವರ್ಷದ ಫೆಬ್ರುವರಿಯಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಪೆಟ್ಟಿಗೆಗೆ ವಯಸ್ಸಾಗಿತ್ತು, ಅದರ ಬಿಡಿಭಾಗ ಸಿಗುವುದು ನಿಂತಿತ್ತು. ಒಂದು ಪೆಟ್ಟಿಗೆಯಲ್ಲಿ ಐದು ಮಷಿನ್ ನಡೆಸುತ್ತಿದ್ದ ಸಾಫ್ಟ್‌ವೇರಿನ ದರವೂ ನಮ್ಮಂಥ ಸಣ್ಣವರ ಕೈಗೆ ಎಟುಕದಷ್ಟು ಏರಿತ್ತು. ಹೊಸ ಪೆಟ್ಟಿಗೆ ಕೊಳ್ಳುವುದೇ ಬೇಡ, ಕ್ಲೌಡಿಗೆ ಹೋಗೋಣ ಎಂದರು ಮುಬಶೀರ. ಎಲ್ಲೋ ದೂರದ ಊರಿನಲ್ಲಿ ಸಾವಿರಾರು ಮಷಿನ್ ಇಟ್ಟವರ ಹತ್ತಿರ ನಮಗೆ ಬೇಕಾದಷ್ಟನ್ನು ಬಾಡಿಗೆಗೆ ಹಿಡಿಯುವುದು, ಇಂಟರ್ನೆಟ್ಟಿನಲ್ಲಿ ಬಳಸುವುದು. ಎಸಿ ಬೇಡ, ಬ್ಯಾಟರಿ ಬೇಡ, ಕೋಣೆ ಬೇಡ.

ಮಹಾಲಿಂಗಪ್ಪನವರ ಕೋಣೆಯಲ್ಲಿ ಸಭೆ ಸೇರಿದ್ದೆವು. ಅವರು ಕಾಕಾನ ಕಡೆ ತಿರುಗಿದರು. "ನಿನಗ ತಿಳೀತೇನೋ ಉಳಿವೆಪ್ಪಾ?"

"ತಿಳೀತ್ರಿ ಸಾವ್ಕಾರ್ರ," ಎಂದರು ಕಾಕಾ. "ನಮ್ಮೂರಾಗ ಈಗ ಎತ್ತು ಯಾರ ಕಟ್ತಾರ್ರಿ? ತಾಸಿನ ಲೆಕ್ಕದಾಗ ಟ್ರ್ಯಾಕ್ಟರ್ ಹೇಳ್ತಾರ. ಬಂದು ಉತ್ತು ಹೊಕ್ಕೈತಿ. ಕೊಟ್ಟಿಗಿ ಬ್ಯಾಡ, ಮೇವು ಬ್ಯಾಡ. ಹಂಗ ಇದು."

ಇಷ್ಟು ಚೆಂದಾಗಿ ಹೇಳಿದ ಮನುಷ್ಯನಿಗೆ ನಾನು ಕೊಟ್ಟ ಉತ್ತರ ಕೇಳಿ. "ಸರ್ವರ್ ಇಲ್ಲಂದಮ್ಯಾಗ ಸರ್ವರ್ ಕೋಣಿ ಯಾಕ್ರಿ? ಮೊಳಕಿ ಟ್ರೇ ಇಡಾಕ ನನಗ ಜಾಗ ಸಾಲವಲ್ದು" ಎಂದೆ. ನಾನು ಆಗ ಹೊಸತರ ಹುಚ್ಚಿನಲ್ಲಿದ್ದೆ. ಜನವರಿಯಿಂದ ಲ್ಯಾಬಿನ ಕೈಬರಹದ ಪುಸ್ತಕವನ್ನೂ ನಾನೇ ನಿಲ್ಲಿಸಿದ್ದೆ. ಎಲ್ಲವೂ ನೇರ ಕಂಪ್ಯೂಟರಿಗೇ ಹೋಗಬೇಕು ಎಂದು ಫರ್ಮಾನು ಹೊರಡಿಸಿದ್ದೆ.

"ಮತ್ತ ಉಳಿವೆಪ್ಪ?" ಎಂದು ಕೇಳಿದರು ಮಹಾಲಿಂಗಪ್ಪನವರು, ಅವರ ಎದುರಿಗೇ.

"ಎರಡ ತಿಂಗಳ ನೋಡೂಣ್ರಿ," ಎಂದೆ. "ತಾನ ನಡದ್ರ..."

ನನ್ನ ಮಾತನ್ನು ಕಾಕಾ ಪೂರ್ತಿ ಮಾಡಿದರು. "ತಾನ ನಡದ್ರ ನಾ ಯಾಕ ಬೇಕ್ರಿ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ಐವತ್ಮೂರು ವರ್ಷ. ಸರ್ವರ್ ಕೋಣೆ ಬಿಟ್ಟರೆ ಈ ವಯಸ್ಸಿನಲ್ಲಿ ಅವರನ್ನು ಕರೆದು ಕೆಲಸ ಕೊಡುವವರು ಯಾರೂ ಇರಲಿಲ್ಲ. ಮೋಟರು ವೈಂಡಿಂಗ್ ಮಾಡುವಷ್ಟು ಕಣ್ಣೂ ಉಳಿದಿರಲಿಲ್ಲ. ಮೇ ಕೊನೆಯವರೆಗೆ ನೋಡುವುದು, ಆಮೇಲೆ ತೀರ್ಮಾನ ಎಂದಾಯಿತು.

ಯುಗಾದಿ ಮುಗಿದ ವಾರ ಐದೂ ಮಷಿನ್ನುಗಳನ್ನು ಕ್ಲೌಡಿಗೆ ಸಾಗಿಸಿದರು. ಅದಕ್ಕೂ ಮೊದಲು ಮುಬಶೀರ ಕಾಕಾನನ್ನು ಕೂರಿಸಿಕೊಂಡು, ದಿನಾ ಏನೇನು ಮಾಡುತ್ತೀರಿ ಎಂದು ಪಟ್ಟಿ ಬರೆದುಕೊಂಡರು. ಕಾಕಾ ಎಲ್ಲ ಹೇಳಿದರು. ಸೋಮವಾರದ ಒಂದು ತಾಸನ್ನೂ ಹೇಳಿದರು, ಸ್ವಚ್ಛತೆ ಎಂದು. "ಕ್ಲೌಡಿನ್ಯಾಗ ಧೂಳೆಲ್ಲೈತಿ ಚಾಚಾ?" ಎಂದು ಮುಬಶೀರ ನಕ್ಕು ಆ ಸಾಲಿನ ಮೇಲೆ ಗೀಟು ಎಳೆದರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಹನ್ನೆರಡು ದಿನ ಎಲ್ಲ ಸುಸೂತ್ರ. ಹದಿಮೂರನೆಯ ದಿನ ರಿಜಿಸ್ಟರ್ ಮಷಿನ್ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕಾಕಾ ತಮ್ಮ ಲ್ಯಾಪ್‌ಟಾಪಿನಿಂದಲೇ ಅದನ್ನು ಆರಿಸಿ ಹಚ್ಚಿದರು, ಸರಿಹೋಯಿತು. ಮತ್ತೆ ಹನ್ನೊಂದು ದಿನಕ್ಕೆ ಅದೇ ಕಥೆ. ಮುಬಶೀರ ದೂರದಿಂದಲೇ ನೋಡಿ, ಮೆಮರಿ ಸಾಲುತ್ತಿಲ್ಲವೇನೋ ಎಂದು ಇನ್ನಷ್ಟು ಸೇರಿಸಿದರು. ಅಡುಗೆ ಉಕ್ಕುತ್ತದೆಂದು ದೊಡ್ಡ ಪಾತ್ರೆ ಇಟ್ಟರೆ ಅದು ಉಕ್ಕುವುದು ತಡವಾಗುತ್ತದೆ ಅಷ್ಟೇ.

ಎರಡನೆಯ ಸಲ ನಿಂತ ದಿನವೇ ಕಾಕಾನಿಗೆ ಹೊಳೆಯಿತು. ಆ ರಿಜಿಸ್ಟರ್ ಪ್ರೋಗ್ರಾಂ ಧಾರವಾಡದ ಯಾರೋ ಬರೆದದ್ದು, ಬರೆದವರು ಯಾವಾಗಲೋ ಅಂಗಡಿ ಮುಚ್ಚಿದ್ದಾರೆ. ಅದರಲ್ಲಿ ಮೊದಲಿನಿಂದಲೂ ಒಂದು ದೋಷವಿತ್ತು. ಬಳಸಿದ ಮೆಮರಿಯನ್ನು ಅದು ಬಿಟ್ಟುಕೊಡುತ್ತಿರಲಿಲ್ಲ, ದಿನದಿನಕ್ಕೂ ತುಂಬಿಕೊಳ್ಳುತ್ತ ಹೋಗುತ್ತಿತ್ತು. ಹದಿನೈದು ವರ್ಷ ಅದು ಯಾರಿಗೂ ಕಾಣಿಸಲಿಲ್ಲ, ಯಾಕೆಂದರೆ ಅದು ತುಂಬುವ ಮೊದಲೇ ಸೋಮವಾರ ಬರುತ್ತಿತ್ತು. ಎತ್ತಿನ ಮೇಲಿನ ಕರುಣೆಗೆ ಕೊಟ್ಟ ಬಿಡುವು ತಿಳಿಯದೆಯೇ ಔಷಧವೂ ಆಗಿತ್ತು. ಟ್ರ್ಯಾಕ್ಟರಿಗೆ ಸೋಮವಾರವಿಲ್ಲವಲ್ಲ.

ಹೇಳಬೇಕೆಂದೇ ಅವರು ಮಹಾಲಿಂಗಪ್ಪನವರ ಕೋಣೆಗೆ ಹೋದರಂತೆ. ಬಾಗಿಲಲ್ಲಿ ಇರುವಾಗಲೇ ಒಳಗೆ ಮಾಲೀಕರು ಯಾರಿಗೋ ಫೋನಿನಲ್ಲಿ, "ಉಳಿವೆಪ್ಪ ಇರಾಕ ಬೇಕ್ರಿ, ಅಂವ ಇಲ್ಲಂದ್ರ ಆ ಮಷಿನ್ ಏಳೂದಿಲ್ಲ" ಎನ್ನುತ್ತಿದ್ದರು. ಕಾಕಾ ಅಲ್ಲಿಂದಲೇ ತಿರುಗಿ ಬಂದರು. ಬಾಯಿಗೆ ಬೀಗ ಬಿತ್ತು.

ನನ್ನ ಸಿಟ್ಟಿರುವುದು ಇಲ್ಲಿ. ಆದರೆ ನಾನು ಅವರ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಮಾತು ಹೇಳಿದರೆ ಅನ್ನ ಹೋಗುತ್ತದೆ, ಹೇಳದಿದ್ದರೆ ಹತ್ತು ದಿನಕ್ಕೊಮ್ಮೆ ಎರಡು ನಿಮಿಷದ ತೊಂದರೆ. ಅದೂ ಆ ಎರಡು ತಿಂಗಳ ಗಡುವು ಇಟ್ಟವಳು ನಾನೇ. ನಾನು ಅವರಂತೆ ಬಾಗಿಲ ತನಕವೂ ಹೋಗುತ್ತಿರಲಿಲ್ಲ, ಮೊದಲೇ ಸುಮ್ಮನಾಗುತ್ತಿದ್ದೆ ಅನ್ನಿಸುತ್ತದೆ.

ಮೇ ನಡುವಿನಲ್ಲಿ ಮಹಾಲಿಂಗಪ್ಪನವರು ಕಾಕಾನ ಕೆಲಸ ಕಾಯಂ ಎಂದು ಎಲ್ಲರ ಮುಂದೆ ಹೇಳಿದರು. ಮರುದಿನ ಕಾಕಾನ ಹೆಂಡತಿ ಸುಶೀಲವ್ವ ಹಿರೇಬೆಂಡಿಗೇರಿಯಿಂದ ಡಬ್ಬಿ ತುಂಬ ಹೋಳಿಗೆ ಕಳಿಸಿದರು. ನಾನು ಎರಡು ತಿಂದೆ. ಕಾಕಾ ಒಂದನ್ನೂ ತಿನ್ನಲಿಲ್ಲ. ಹಲ್ಲು ನೋವು ಎಂದರು.

ಅದಾದ ಮರುವಾರದ ಬುಧವಾರ ಸಂಜೆ. ೨೧೭ನೆಯ ಲಾಟಿನ ಗೋವಿನಜೋಳದ ಮರುಪರೀಕ್ಷೆ ಮುಗಿಸಿದೆ. ಫೆಬ್ರುವರಿಯಲ್ಲಿ ಆ ಬೀಜ ನೂರಕ್ಕೆ ತೊಂಬತ್ತೆರಡು ಮೊಳೆತಿತ್ತು. ಆಮೇಲೆ ಗೋದಾಮಿನ ಮೂಲೆಯಲ್ಲಿ ತೇವ ಹಿಡಿದಿರಬೇಕು, ಈಗ ಎಪ್ಪತ್ತೊಂದೇ. ಇಂಥ ಬೀಜ ಬಿತ್ತಿದರೆ ಸಾಲಿನಲ್ಲಿ ಮೂರಕ್ಕೊಂದು ಕಡೆ ಖಾಲಿ ಬೀಳುತ್ತದೆ. ಹಲಗೆಯ ಮೇಲೆ ೭೧ ಎಂದು ಬರೆದು ಕೆಳಗೆ ಎರಡು ಗೀಟು ಎಳೆದೆ. ಕಂಪ್ಯೂಟರಿನಲ್ಲಿ ಈ ಲಾಟನ್ನು ತಡೆಹಿಡಿಯಬೇಕೆಂದು ನಮೂದಿಸಿದೆ. "ದಾಖಲಾಗಿದೆ" ಎಂದು ಪರದೆಯ ಮೇಲೆ ಬಂತು. ಹಲಗೆ ಒರೆಸಿದೆ, ಮೊಳಕೆಯ ಕಾಗದದ ಸುರುಳಿಗಳನ್ನು ಹೊರಗೆ ಎಸೆಸಿದೆ, ಮನೆಗೆ ಹೋದೆ.

ಶನಿವಾರ ಮಧ್ಯಾಹ್ನ ಗೋದಾಮಿನಲ್ಲಿ ಹೋಗುತ್ತಿದ್ದಾಗ ೨೧೭ರ ಜಾಗ ಖಾಲಿ ಕಂಡಿತು. "ಮೈಲಾರಿ, ಇಲ್ಲಿದ್ದ ಮಾಲು ಎಲ್ಲಿ?"

"ನಿನ್ನಿ ಹಾನಗಲ್ಲಿಗೆ ಹೋತಲ್ರಿ ಅಕ್ಕಾರ. ಕಂಪ್ಯೂಟರ್ ಹಸರ ತೋರಸಾಕತ್ತಿತ್ತು. ತೊಂಬತ್ತೆರಡು ಐತಿ."

ಹಾನಗಲ್ಲಿನ ನಮ್ಮ ವಿತರಕ ಇಜಾಜರಿಗೆ ಫೋನು ಹಚ್ಚಿದೆ. ಇನ್ನೂರು ಪಾಕೀಟಿನಲ್ಲಿ ಎಂಬತ್ತು ಆಗಲೇ ಹಳ್ಳಿ ಸೇರಿದ್ದವು. ರೋಹಿಣಿ ಮಳೆ ಎದುರಿಗೇ ಇತ್ತು, ಹದ ಬಿದ್ದ ಕಡೆ ರೈತರು ನಾಳೆ ಅನ್ನದೆ ಬಿತ್ತುತ್ತಾರೆ. ಉಳಿದದ್ದನ್ನು ಮಾರಬೇಡಿ ಎಂದು ಹೇಳಿ ಮಾಲೀಕರ ಕೋಣೆಗೆ ಓಡಿದೆ.

ಮಹಾಲಿಂಗಪ್ಪನವರು ಮುಬಶೀರರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಯಾರು ಯಾವಾಗ ಏನು ನಮೂದಿಸಿದರು ಎಂಬುದೆಲ್ಲ ಮಷಿನ್ನಿನಲ್ಲಿ ಉಳಿಯುತ್ತದೆ. ಮುಬಶೀರ ಹುಡುಕಿದರು. "ಬುಧವಾರ ಸಂಜೀಕ ತನುಜಾ ಮೇಡಂ ಹೆಸರಿಲೆ ಒಂದೂ ನಮೂದು ಇಲ್ರಿ ಸರ್."

"ನಾ ಹಾಕೇನಿ ಸಾವ್ಕಾರ್ರ! ದಾಖಲಾಗೇತಿ ಅಂತ ತೋರಿಸ್ತು!"

"ಪುಸ್ತಕದಾಗ ಬರದೀಯೇನು?"

ಪುಸ್ತಕ ಎಲ್ಲಿಯದು? ಅದನ್ನು ನಿಲ್ಲಿಸಿದವಳೇ ನಾನು. ಹಲಗೆ ಒರೆಸಿದ್ದೆ, ಸುರುಳಿ ಎಸೆದಿದ್ದೆ. ನನ್ನ ಮಾತಿಗೆ ಸಾಕ್ಷಿಯಾಗಿ ತೋರಿಸಲು ಒಂದು ಚೂರು ಕಾಗದವೂ ಇರಲಿಲ್ಲ.

ಮಹಾಲಿಂಗಪ್ಪನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ನೋಡವಾ ತನುಜಾ, ಮನಶ್ಯಾ ಮರೀತಾನ. ಮರತಿದ್ದಕ್ಕ ನನಗ ಬ್ಯಾಸರಿಲ್ಲ. ಮರತು ಮ್ಯಾಲ ಇಲ್ಲ ಅಂತೀಯಲ್ಲ, ಅದಕ್ಕ ಬ್ಯಾಸರ. ಫಲಿತಾಂಶ ಹಾಕಾಕ ಮರತೆ ಅಂತ ಒಂದ ಚೀಟಿ ಬರದುಕೊಟ್ಟು ಹೋಗು" ಎಂದರು. ಆ ಚೀಟಿ ಬರೆದುಕೊಟ್ಟ ಮೊಳಕೆ ಪರೀಕ್ಷಕಿಗೆ ಈ ಜಿಲ್ಲೆಯ ಯಾವ ಬೀಜದ ಕಂಪನಿಯೂ ಬಾಗಿಲು ತೆರೆಯುವುದಿಲ್ಲ. ಅವರು ಕಾಗದ ನನ್ನ ಮುಂದೆ ಸರಿಸಿದರು. ಪೆನ್ನೂ ಇಟ್ಟರು. ನನಗೇ ಅನುಮಾನ ಶುರುವಾಯಿತು, ನಿಜವಾಗಿಯೂ ಮರೆತೆನೇ ಎಂದು.

ಕಾಕಾ ಬಾಗಿಲ ಹತ್ತಿರ ನಿಂತಿದ್ದರು, ಮುಬಶೀರ ಏನಾದರೂ ಕೇಳಿದರೆ ಇರಲಿ ಎಂದು ಅವರನ್ನೂ ಕರೆಸಿದ್ದರು. ಅವರು ಮುಂದೆ ಬಂದು ಆ ಕಾಗದದ ಮೇಲೆ ಅಂಗೈ ಇಟ್ಟರು.

"ಅಕ್ಕಾರು ಬರೆಯೂದು ಬ್ಯಾಡ್ರಿ. ಅವ್ರು ಹಾಕ್ಯಾರ. ಗುರುವಾರ ಮುಂಜಾನೆ ಮಷಿನ್ ಮತ್ತ ನಿಂತಿತ್ತು, ನಾ ಆರಿಸಿ ಹಚ್ಚೇನಿ. ನಿಂತ ಮಷಿನ್ ಆರಿಸಿದ್ರ ಹಿಂದಿನ ದಿನದ ಕಡೀ ಕಡೀ ನಮೂದು ಬಿದ್ದ ಹೊಕ್ಕಾವ. ಒಳಗ ಬರಕೊಂಡಿರೂದಿಲ್ಲ, ಬಾಯಿಲೆ ಅಷ್ಟ ಹೂಂ ಅಂದಿರತೈತಿ."

ಮಹಾಲಿಂಗಪ್ಪನವರು ನಿಧಾನವಾಗಿ ಕೇಳಿದರು. "ನಿನಗ ಹ್ಯಾಂಗ ಗೊತ್ತು?"

"ಮಷಿನ್ ಯಾಕ ನಿಂದರತೈತಿ ಅನ್ನೂದೂ ಗೊತ್ತೈತ್ರಿ. ಏಪ್ರಿಲ್‌ದಾಗ ಗೊತ್ತಾತು." ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಎತ್ತು, ಸೋಮವಾರ, ಒಂದು ತಾಸಿನ ಬಿಡುವು. ಧೂಳಿನ ನೆಪ. ಅದು ನಿಂತ ಮೇಲೆ ಮಷಿನ್ ಬೀಳಲು ಶುರುವಾದದ್ದು. ಬಾಗಿಲ ತನಕ ಬಂದು ತಿರುಗಿ ಹೋದದ್ದು. ಹನ್ನೆರಡು ವರ್ಷದಲ್ಲಿ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಯಾರಿಗೂ ನಗು ಬರಲಿಲ್ಲ.

"ಗೊತ್ತಿದ್ದೂ ಸುಮ್ಮನ ಇದ್ದೆಲ್ಲೋ," ಎಂದರು ಮಹಾಲಿಂಗಪ್ಪನವರು.

"ಇದ್ನಿರಿ. ನೌಕರಿ ಸಲುವಾಗಿ ಇದ್ನಿ."

ಮುಬಶೀರ ಹುಡುಕಿ ನೋಡಿ, ಉಳಿವೆಪ್ಪ ಚಾಚಾ ಹೇಳಿದ್ದು ಸರಿ ಎಂದರು. ಐದು ನಿಮಿಷದಲ್ಲಿ ಪರಿಹಾರವನ್ನೂ ಹಾಕಿದರು. ವಾರಕ್ಕೊಮ್ಮೆ ಮಷಿನ್ ತಾನೇ ಎಲ್ಲ ಬರೆದಿಟ್ಟುಕೊಂಡು ಆರಿ ಹತ್ತುವಂತೆ ಒಂದು ಸಾಲಿನ ಆಜ್ಞೆ. ಭಾನುವಾರ ಬೆಳಗಿನ ಜಾವ ಮೂರು ಗಂಟೆಗೆ ಇಟ್ಟರು, ಆಗ ಯಾರೂ ಕೆಲಸ ಮಾಡುವುದಿಲ್ಲವೆಂದು. ಹದಿನೈದು ವರ್ಷ ಒಬ್ಬ ಮನುಷ್ಯ ಕೋಣೆ ಕೋಣೆಗೆ ಹೋಗಿ ಹೇಳಿ ಮಾಡುತ್ತಿದ್ದ ಕೆಲಸ ಅಷ್ಟರಲ್ಲಿ ಮುಗಿಯಿತು. ಇನ್ನು ಮಷಿನ್ ಏಳಿಸಲು ಯಾರೂ ಬೇಕಿರಲಿಲ್ಲ.

ಮಾರನೆಯ ದಿನ ಕಂಪನಿಯ ಗಾಡಿಯಲ್ಲಿ ಕಾಕಾ, ಮೈಲಾರಿ, ನಾನು ಹಾನಗಲ್ಲಿಗೆ ಹೋದೆವು. ಇಜಾಜರು ಯಾರ್‍ಯಾರು ಒಯ್ದರೆಂದು ಪಟ್ಟಿ ಕೊಟ್ಟರು. ಹಳ್ಳಿ ಹಳ್ಳಿ ತಿರುಗಿ ಪಾಕೀಟು ಬದಲಿಸಿದೆವು. ಆರು ಪಾಕೀಟು ಮಾತ್ರ ಮಣ್ಣು ಸೇರಿದ್ದವು, ಅವರಿಗೆ ಮತ್ತೆ ಬಿತ್ತಲು ಬೀಜ ಕೊಟ್ಟೆವು. ಯಾಕೆ ಹೀಗಾಯಿತು ಎಂದು ಕೇಳಿದ ರೈತರಿಗೆಲ್ಲ ನಾನು ಕಂಪ್ಯೂಟರ್ ಎನ್ನಲು ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ಕಾಕಾ, "ನನ್ನ ಕೈಲೆ ತಪ್ಪಾತ್ರಿ" ಎಂದುಬಿಡುತ್ತಿದ್ದರು. ಒಬ್ಬ ಅಜ್ಜ ಬಾಯಿಗೆ ಬಂದಂತೆ ಬೈದ. ಕಾಕಾ ನಿಂತು ಕೇಳಿಸಿಕೊಂಡರು.

ಮರಳಿ ಬರುವಾಗ ನನಗೆ ತಡೆಯಲಾಗಲಿಲ್ಲ. "ಯಾಕ ಹೇಳಿದ್ರಿ ಕಾಕಾ? ನಿಮ್ಮನ್ನ ತಗೀರಿ ಅಂತ ಮೊದಲ ಹೇಳಿದಾಕಿ ನಾನ. ನಾ ಹೋಗಿದ್ರ ನೀವು ಉಳೀತಿದ್ರಿ."

"ಬುಧವಾರ ಮನಿಗೆ ಹೊಂಟಾಗ ನಿಮ್ಮ ಹಲಗಿ ನೋಡಿದ್ನಿರಿ. ಎಪ್ಪತ್ತೊಂದು, ಕೆಳಗ ಎರಡ ಗೀಟು. ಕಣ್ಣಲೆ ಕಂಡಿದ್ದನ್ನ ಕಂಡಿಲ್ಲ ಅನ್ನಾಕ ಆಗಲಿಲ್ಲ. ಅಷ್ಟ." ಆಮೇಲೆ ಅವರಿಗೇ ಏನೋ ಕಡಿಮೆಯಾಯಿತು ಅನ್ನಿಸಿರಬೇಕು. "ಗುರುವಾರ ಮುಂಜಾನೆನ ಬಂದು ಹೇಳಿದ್ರ ಆ ಬೀಜ ಲಾರಿನ ಹತ್ತತಿರಲಿಲ್ಲ. ಎರಡ ದಿನ ತಡಾ ಮಾಡೇನಿ. ಅದನ್ನೂ ಮರೀಬ್ಯಾಡ್ರಿ."

ಮರೆತಿಲ್ಲ. ಅದಕ್ಕೇ ಸಿಟ್ಟಿದೆ ಎಂದು ಮೊದಲೇ ಹೇಳಿದ್ದು. ಎರಡು ದಿನ ಅವರು ತಮ್ಮ ಅನ್ನದ ಕಡೆ ನೋಡಿದರು, ಮೂರನೆಯ ದಿನ ನನ್ನ ಕಡೆ ನೋಡಿದರು. ಆ ಮೂರನೆಯ ದಿನದ ಋಣದಲ್ಲಿ ನಾನಿದ್ದೇನೆ. ಸಿಟ್ಟೂ ಇದೆ, ಋಣವೂ ಇದೆ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಕಾಕಾನನ್ನು ಉಳಿಸಿಕೊಳ್ಳಿ ಎಂದು ಮಹಾಲಿಂಗಪ್ಪನವರ ಹತ್ತಿರ ಮೂರು ಸಲ ಹೋದೆ. ಗೋದಾಮಿಗಾದರೂ ಹಾಕಿ ಎಂದೆ. "ಮಷಿನ್ ಬೀಳತೈತಿ ಅಂತ ಗೊತ್ತಿದ್ದೂ ಬಿಟ್ಟಾವ್ನ ಕೈಯಾಗ ಬೀಜ ಕೊಡ್ಲೇನವಾ?" ಎಂದು ಕೇಳಿದರು. ಎರಡನೆಯ ಸಲ ಅತ್ತುಬಿಟ್ಟೆ, ಅದರಿಂದಲೂ ಏನೂ ಆಗಲಿಲ್ಲ. ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆ ಎಂದು ಕಾಗದ ಕೈಗೆ ಬಂತು. ರಿಜಿಸ್ಟರಿನ ಮೇಲ್ವಿಚಾರಣೆ ನನಗೆ ಬಂತು, ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ.

ಮೇ ಮೂವತ್ತೊಂದರ ಸಂಜೆ ಮುಬಶೀರ ಫೋನು ಮಾಡಿದರು. ಕೆಲಸ ಬಿಟ್ಟವರ ಹೆಸರನ್ನು ಅವತ್ತೇ ಕ್ಲೌಡಿನಿಂದ ತೆಗೆಯಬೇಕು, ಅದು ನಿಯಮ. ತೆಗೆಯುವ ಅಧಿಕಾರ ಇನ್ನು ಮೇಲ್ವಿಚಾರಕರದು, ಅಂದರೆ ನನ್ನದು. ಎಲ್ಲಿ ಏನು ಒತ್ತಬೇಕೆಂದು ನನಗೆ ತಿಳಿಯದೆ 'ನಾಳೆ ಮಾಡ್ತೇನಿ' ಎಂದೆ. ತಿಳಿಯದ್ದು ಅರ್ಧ, ಮನಸ್ಸಿಲ್ಲದ್ದು ಇನ್ನರ್ಧ. ಊಟದ ಡಬ್ಬಿ ಚೀಲಕ್ಕೆ ಹಾಕುತ್ತಿದ್ದ ಕಾಕಾ ಅದನ್ನು ಕೇಳಿ ಎದ್ದು ಬಂದರು.

"ನಾಳಿಗೆ ಇಡಬ್ಯಾಡ್ರಿ. ಬಿಟ್ಟಾವ್ನ ಹೆಸರು ಒಳಗ ಇರಬಾರದು. ನಾನ ತೋರಸ್ತೇನಿ ಬರ್ರಿ."

ನನ್ನ ಕುರ್ಚಿಯ ಪಕ್ಕ ನಿಂತು ಒಂದೊಂದಾಗಿ ಹೇಳಿಕೊಟ್ಟರು. ಇಲ್ಲಿ ತೆಗೆಯಿರಿ, ಕೆಳಗೆ ಬನ್ನಿ, ಈ ಮೂಲೆಯಲ್ಲಿ ಒತ್ತಿ. ಹೊಸಬರಿಗೆ ಕೆಲಸ ಕಲಿಸುವಾಗ ಇರುತ್ತಿದ್ದ ಅದೇ ತಾಳ್ಮೆ. ಬಳಕೆದಾರರ ಪಟ್ಟಿ ತೆರೆದುಕೊಂಡಿತು. ಮೊದಲ ಸಾಲಿನಲ್ಲಿ ಅವರ ಹೆಸರು, ಎರಡನೆಯದರಲ್ಲಿ ನನ್ನದು. ಈ ಬಳಕೆದಾರರನ್ನು ಶಾಶ್ವತವಾಗಿ ತೆಗೆದುಹಾಕಬೇಕೇ ಎಂದು ಮಷಿನ್ ಕೇಳಿತು. ನನ್ನ ಕೈ ನಿಂತಿತು.

"ಒತ್ತ್ರಿ ಅಕ್ಕಾರ," ಎಂದರು ಕಾಕಾ. "ನನಗ ಸವಣೂರ ಬಸ್ಸು ತಪ್ಪತೈತಿ."

ಒತ್ತಿದೆ. ಉಳಿದ ಹೆಸರುಗಳೆಲ್ಲ ಒಂದೊಂದು ಸಾಲು ಮೇಲೆ ಸರಿದವು. ಅವರ ಹೆಸರಿದ್ದ ಜಾಗಕ್ಕೆ ನನ್ನ ಹೆಸರು ಬಂದು ಕೂತಿತು.